ಬೆಳಕಿಗೂ ಸರದಿ

ದೀಪವಾರಿದೊಡನೆ ನಾವು ಮಾಡುವ ಮೊದಲ ಕೆಲಸ ನೆರೆಮನೆಯತ್ತ ನೋಡುವುದು. ಅಲ್ಲಿಯೂ ಕತ್ತಲೆಯಿದ್ದರೆ ಮನಸ್ಸಿಗೆ ಏನೋ ಒಂದು ಸಮಾಧಾನ! 2023ರ ಅಕ್ಟೋಬರಿನಲ್ಲಿ ಈ ಸಮಾಧಾನ ಕನ್ನಡನಾಡಿನ ಅನೇಕ ಊರುಗಳಿಗೆ ದೊರೆಯಿತು. ಮುಂಗಾರು ಕೈಕೊಟ್ಟು ಜಲಾಶಯಗಳು ತುಂಬಿರಲಿಲ್ಲ. ಮಳೆ ಕಾಣದ ಹೊಲಗಳಿಗೆ ಪಂಪುಗಳೇ ನೀರೆತ್ತಬೇಕಾಯಿತು. ಉತ್ಪಾದನೆ ತಗ್ಗಿದ ಹೊತ್ತಿನಲ್ಲೇ ಬೇಡಿಕೆ ಏರಿತು. ಪಂಪುಸೆಟ್ಟುಗಳಿಗೆ ದಿನಕ್ಕೆ 7 ಗಂಟೆ ದೊರೆಯುತ್ತಿದ್ದ ತ್ರೀಫೇಸ್ ವಿದ್ಯುತ್ತು 5 ಗಂಟೆಗೆ ಇಳಿದು, ರೈತರ ಪ್ರತಿಭಟನೆಯ ಬಳಿಕ ನವೆಂಬರಿನಲ್ಲಿ ಮತ್ತೆ 7ಕ್ಕೆ ಏರಿತು.

ಆ ದಿನಗಳಲ್ಲಿ ಪಿರಿಯಾಪಟ್ಟಣ ಸೀಮೆಯ ಹಾರನಹಳ್ಳಿಯಿಂದ ಬರುತ್ತಿದ್ದ ವಿದ್ಯಾರ್ಥಿಯೊಬ್ಬ ತರಗತಿಯಲ್ಲಿ ಕೇಳಿದ: "ಸಾರ್, ಕೊರತೆಯಿದ್ದರೆ ಎಲ್ಲರ ದೀಪವೂ ಕೊಂಚ ಮಂಕಾಗಿ ಉರಿಯಲಿ. ನಮ್ಮೂರನ್ನೇ ಪೂರ್ತಿ ಆರಿಸುವುದೇಕೆ?"

ಪ್ರಶ್ನೆ ನ್ಯಾಯವಾದುದೇ. ಹಿಂದಿನ ಬುರುಡೆ ದೀಪಗಳಷ್ಟೇ ಇದ್ದಿದ್ದರೆ ಹಾಗೆ ಮಾಡಬಹುದಾಗಿತ್ತೇನೋ. ವೋಲ್ಟೇಜು ತಗ್ಗಿದರೆ ಅವು ಕಡಮೆ ವಿದ್ಯುತ್ತನ್ನು ಬಳಸುತ್ತವೆ. ಇಂದಿನ ಎಲ್‌ಇಡಿ ದೀಪಗಳು ಬಹುಮಟ್ಟಿಗೆ ಹೆಚ್ಚು ಪ್ರವಾಹವನ್ನೆಳೆದು ತಮ್ಮ ಪಾಲನ್ನು ಪಡೆದೇ ತೀರುತ್ತವೆ. ಪಂಪಿನ ಮೋಟಾರೂ ಅಷ್ಟೆ. ಭಾರ ಇಳಿಯದೆ ವೋಲ್ಟೇಜು ಮಾತ್ರ ಇಳಿದರೆ ಅದರ ಸುರುಳಿಗಳಲ್ಲಿ ಪ್ರವಾಹ ಹೆಚ್ಚಿ, ಕಾದು, ಕೊನೆಗೆ ಸುಟ್ಟುಹೋಗುತ್ತವೆ. ರಿವೈಂಡಿಂಗಿಗೆ ಹಣ ತೆತ್ತ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇದಕ್ಕಿಂತ ಗಂಭೀರವಾದ ಕಾರಣ ಇನ್ನೊಂದುಂಟು. ಲಿಂಗನಮಕ್ಕಿಯಲ್ಲಿ ನೀರನ್ನು ಕೂಡಿಡಬಹುದು. ತಂತಿಯಲ್ಲಿ ವಿದ್ಯುತ್ತನ್ನು ಕೂಡಿಡಲಾಗದು. ಬ್ಯಾಟರಿಗಳಿವೆ, ಆದರೆ ಇಡೀ ರಾಜ್ಯದ ಸಂಜೆಯ ಬೇಡಿಕೆಗೆ ಅವು ಇನ್ನೂ ಸಾಲವು. ಪ್ರತಿ ಕ್ಷಣವೂ ಬಳಸುವಷ್ಟನ್ನೇ ಉತ್ಪಾದಿಸಬೇಕು. ಬೇಡಿಕೆ ಮೀರಿದಾಗ ಆ ಅಂತರವನ್ನು ಮೊದಲು ತುಂಬುವುದು ತಿರುಗುತ್ತಿರುವ ಜನರೇಟರುಗಳ ಚಲನಶಕ್ತಿ. ಆಗ ಅವು ಏರು ಹತ್ತುವ ಗಾಡಿಯಂತೆ ನಿಧಾನವಾಗುತ್ತವೆ. ಎರಡು ಧ್ರುವಗಳ ಜನರೇಟರು ಮಿನಿಟಿಗೆ 3,000 ಸುತ್ತು ತಿರುಗಿದರೆ ಮಾತ್ರ ಸೆಕೆಂಡಿಗೆ 50 ಆವರ್ತಗಳು ದೊರೆಯುವುವಷ್ಟೆ. ವೇಗ ಬಹಳ ತಗ್ಗಿದರೆ ಉಗಿ ಟರ್ಬೈನಿನ ಅಲಗುಗಳು ಅಪಾಯಕರವಾಗಿ ಕಂಪಿಸುತ್ತವೆ. ಆದುದರಿಂದ ಸ್ಥಾವರವು ತನ್ನನ್ನುಳಿಸಿಕೊಳ್ಳಲು ಜಾಲದಿಂದ ಕಳಚಿಕೊಳ್ಳುತ್ತದೆ. ಅದರ ಹೊರೆ ಉಳಿದವುಗಳ ಮೇಲೆ ಬಿದ್ದು ಅವೂ ಕಳಚಿಕೊಳ್ಳುತ್ತವೆ.

2012ರ ಜುಲೈ 31ರಂದು ಉತ್ತರ, ಪೂರ್ವ ಮತ್ತು ಈಶಾನ್ಯ ಭಾರತದ ಜಾಲಗಳು ಕುಸಿದು ಸುಮಾರು 60 ಕೋಟಿ ಜನರ ಪ್ರದೇಶ ಕತ್ತಲಾಯಿತು. ಅಲ್ಲಿ ಮೊದಲ ಕಾರಣ ತಂತಿಮಾರ್ಗಗಳ ಮೇಲಿನ ಅತಿಭಾರ. ಒಂದರ ಹಿಂದೊಂದು ಕಳಚಿದ ಬಗೆ ಮಾತ್ರ ಇದೇ. ದಕ್ಷಿಣದ ಜಾಲ ಆಗ ಪ್ರತ್ಯೇಕವಾಗಿದ್ದುದರಿಂದ ನಾವು ಪಾರಾದೆವು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ನಾವೂ ಆ ಜಾಲವನ್ನು ಸೇರಿದೆವು.

ಇಂತಹ ಸರಪಳಿ ಆರಂಭವಾಗದಂತೆ ಫೀಡರುಗಳನ್ನು ಸರದಿಯ ಮೇಲೆ ಬಿಡಿಸುವುದೇ ಲೋಡ್ ಶೆಡ್ಡಿಂಗ್. ಯಾರ ಸರದಿ ಎಷ್ಟು ಹೊತ್ತು ಎಂಬುದನ್ನು ಭೌತಶಾಸ್ತ್ರ ಹೇಳದು. ಆಸ್ಪತ್ರೆಗಳನ್ನು ಕೈಬಿಡದಿರುವುದು ಸರಿ; ನಗರದ ಅಂಗಡಿಯ ನಾಮಫಲಕ ಝಗಝಗಿಸುತ್ತಿರುವಾಗ ಹಳ್ಳಿಯ ಹುಡುಗ ಪುಸ್ತಕ ಮುಚ್ಚಿ ಕುಳಿತಿರುವುದು ಸರಿಯೆಂದು ನನಗೆ ತೋರದು. ವೇಳೆಯನ್ನು ಮುಂಚಿತವಾಗಿ ತಿಳಿಸಿದರೆ ಅವನು ಓದನ್ನಾದರೂ ಹೊಂದಿಸಿಕೊಳ್ಳುವನು.

ವಿದ್ಯುತ್ತು ಮರಳುವ ಗಳಿಗೆಯೂ ಸುಲಭದ್ದಲ್ಲ. ಪಂಪುಗಳಿಗೆ ಆಟೋ ಸ್ಟಾರ್ಟರ್ ಇದ್ದರೆ ರೈತನು ರಾತ್ರಿ ಎದ್ದು ಹೊಲಕ್ಕೆ ಹೋಗಬೇಕಾಗಿಲ್ಲ. ಆದರೆ ಎಲ್ಲ ಮೋಟಾರುಗಳೂ ಒಟ್ಟಿಗೇ ಎದ್ದರೆ, ಒಂದೊಂದೂ ಕೆಲವು ಕ್ಷಣ ಮಾಮೂಲಿಗಿಂತ ಐದಾರು ಪಟ್ಟು ಪ್ರವಾಹವನ್ನೆಳೆದು ಫ್ಯೂಸು ಹಾರುತ್ತದೆ. ಸ್ಟಾರ್ಟರಿನಲ್ಲಿ ಕಾಯುವ ಕಾಲವನ್ನು ಒಬ್ಬರು ಒಂದು ಮಿನಿಟಿಗೆ, ಪಕ್ಕದವರು ಮೂರಕ್ಕೆ ಇಟ್ಟುಕೊಂಡರೆ ಟ್ರಾನ್ಸ್‌ಫಾರ್ಮರು ತಾಳಿಕೊಳ್ಳುತ್ತದೆ. ಹಾರನಹಳ್ಳಿಯ ಆ ವಿದ್ಯಾರ್ಥಿ ತನ್ನ ತಂದೆಯ ಸ್ಟಾರ್ಟರನ್ನು ಮೂರಕ್ಕೆ ತಿರುಗಿಸಿ ಬಂದಿದ್ದಾನಂತೆ. ಪಕ್ಕದ ಹೊಲದವರು ಇನ್ನೂ ಒಪ್ಪಿಲ್ಲ.