ನ್ಯೂಯಾರ್ಕ್ ನಗರದ ಕ್ರಿಸ್‌ಮಸ್ ದಾನ

ಹಳ್ಳಿಯಲ್ಲಿ ಹಬ್ಬದ ದಿನ ಯಾರ ಮನೆಯ ಒಲೆ ಹೊತ್ತಲಿಲ್ಲವೆಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಮಾಡಿನ ಮೇಲೆ ಹೊಗೆ ಏಳದಿದ್ದರೆ ಅಷ್ಟೇ ಸಾಕು. ನೆರೆಮನೆಯಾಕೆ ಸೆರಗಿನ ಮರೆಯಲ್ಲಿ ಒಂದು ತಂಬಿಗೆ ಪಾಯಸವನ್ನು ಹಿತ್ತಿಲ ಬಾಗಿಲಿನಿಂದ ಕೊಟ್ಟು ಬರುತ್ತಾಳೆ. ಕೊಟ್ಟವಳಿಗೂ ಪಡೆದವಳಿಗೂ ಪರಸ್ಪರ ಪರಿಚಯವುಂಟು. ಇಂದು ಪಡೆದವಳು ಇನ್ನೊಂದು ದಿನ ಬೇರೊಂದು ರೂಪದಲ್ಲಿ ಮುಯ್ಯಿ ತೀರಿಸುತ್ತಾಳೆಂಬ ನಂಬಿಕೆಯೂ ಉಂಟು. ಆದುದರಿಂದ ಪಡೆದವಳ ಮಾನಕ್ಕೆ ಕುಂದಿಲ್ಲ. ಆದರೆ ಒಬ್ಬರ ಮುಖವನ್ನೊಬ್ಬರು ಅರಿಯದೆ ಲಕ್ಷಾಂತರ ಜನ ಬಾಳುವ ಮಹಾನಗರದಲ್ಲಿ ಈ ಹಿತ್ತಿಲ ಬಾಗಿಲನ್ನು ಎಲ್ಲಿ ಹುಡುಕಬೇಕು? ಅಲ್ಲಿ ಹಬ್ಬದ ದಾನ ನಡೆಯುವುದು ಹೇಗೆ? ಅಮೆರಿಕದ ನ್ಯೂಯಾರ್ಕ್ ನಗರ ಕ್ರಿಸ್‌ಮಸ್ ಹಬ್ಬದ ಸಂದರ್ಭದಲ್ಲಿ ಈ ಪ್ರಶ್ನೆಗೆ ಹುಡುಕಿಕೊಂಡ ಉತ್ತರಗಳು ವಿಚಾರ ಮಾಡತಕ್ಕವಾಗಿವೆ.

ಐದು ಭಾಗಗಳು ಒಂದುಗೂಡಿ ಈಗಿನ ಮಹಾನಗರವಾದದ್ದು 1898ರಲ್ಲಿ. 1900ರ ಜನಗಣತಿಯ ವೇಳೆಗೆ ಅಲ್ಲಿನ ಜನಸಂಖ್ಯೆ 34 ಲಕ್ಷವನ್ನು ಮೀರಿತ್ತು. ಐರ್ಲೆಂಡ್, ಜರ್ಮನಿ, ಇಟಲಿ, ರಷ್ಯಾ ಮೊದಲಾದ ದೇಶಗಳಿಂದ ಹಡಗೇರಿ ಬಂದವರು ಇಕ್ಕಟ್ಟಾದ ಬಾಡಿಗೆಯ ಮಹಡಿಮನೆಗಳಲ್ಲಿ ತುಂಬಿಕೊಂಡಿದ್ದರು. ಮೇಲಿನ ಮಹಡಿಯವನ ಭಾಷೆ ಕೆಳಗಿನ ಮಹಡಿಯವನಿಗೆ ತಿಳಿಯದು. ಕ್ರಿಸ್‌ಮಸ್ ಬರುವುದು ಕೊರೆಯುವ ಚಳಿಗಾಲದಲ್ಲಿ ಎಂಬುದನ್ನೂ ನಾವು ಮರೆಯಬಾರದು. ಹಿಮ ಬಿದ್ದು ಕಟ್ಟಡದ ಕೆಲಸ ನಿಂತರೆ ದಿನಗೂಲಿಯೂ ನಿಲ್ಲುತ್ತದೆ; ಅದೇ ಸಮಯಕ್ಕೆ ಕಲ್ಲಿದ್ದಲಿನ ಖರ್ಚು, ಬೆಚ್ಚನೆಯ ಬಟ್ಟೆಯ ಖರ್ಚು ಏರುತ್ತದೆ. ಹೀಗೆ ಉಳ್ಳವರ ಸಂಭ್ರಮದ ಕಾಲವೂ ಇಲ್ಲದವರ ಕಷ್ಟದ ಕಾಲವೂ ಆ ದೇಶದಲ್ಲಿ ಒಂದೇ ಆಗಿ ಬರುತ್ತವೆ.

ಕ್ರಿಸ್‌ಮಸ್ಸಿಗೂ ಬಡವರ ನೆನಪಿಗೂ ಗಂಟು ಹಾಕಿದವರಲ್ಲಿ ಇಂಗ್ಲೆಂಡಿನ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಪ್ರಮುಖ. ಒಬ್ಬ ಜಿಪುಣ ವರ್ತಕನ ಮನಸ್ಸು ಹಬ್ಬದ ಹಿಂದಿನ ರಾತ್ರಿ ತಿರುಗಿದ ಕಥೆಯಾದ 'ಎ ಕ್ರಿಸ್‌ಮಸ್ ಕ್ಯಾರಲ್' ಪ್ರಕಟವಾದದ್ದು 1843ರಲ್ಲಿ. 1867ರ ಡಿಸೆಂಬರಿನಲ್ಲಿ ಡಿಕನ್ಸ್ ತಾವೇ ನ್ಯೂಯಾರ್ಕಿಗೆ ಬಂದು ಸ್ಟೈನ್‌ವೇ ಸಭಾಂಗಣದಲ್ಲಿ ಅದನ್ನು ವಾಚನ ಮಾಡಿದರು. ಮೂರು ವರ್ಷಗಳ ತರುವಾಯ, 1870ರಲ್ಲಿ, ಅಮೆರಿಕದ ಕೇಂದ್ರ ಸರಕಾರ ಕ್ರಿಸ್‌ಮಸ್ಸನ್ನು ರಜಾದಿನಗಳ ಪಟ್ಟಿಗೆ ಸೇರಿಸಿತು. ಕಥೆ ಕೇಳಿ ಕರಗಿದ ಮನಸ್ಸೇನೋ ಸಿದ್ಧವಾಗಿತ್ತು. ಆದರೆ ಕಥೆಯ ವರ್ತಕನಿಗೆ ತನ್ನ ಗುಮಾಸ್ತನ ಮನೆ ಗೊತ್ತಿತ್ತು, ನಗರದ ದಾನಿಗೆ ತನ್ನ ಸಹಾಯ ಬೇಕಾದವನ ಮನೆ ಗೊತ್ತಿರಲಿಲ್ಲ.

ಈ ಕೊರತೆಯನ್ನು ನೀಗಿದ ಮೊದಲ ಉಪಾಯ ಒಂದು ಅಡುಗೆಯ ಹಂಡೆ. ಅದು ಹುಟ್ಟಿದ್ದು ನ್ಯೂಯಾರ್ಕಿನಲ್ಲಲ್ಲ, ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. 1891ರಲ್ಲಿ ಸಾಲ್ವೇಷನ್ ಆರ್ಮಿ ಎಂಬ ಕ್ರೈಸ್ತ ಸೇವಾಸಂಸ್ಥೆಯ ಜೋಸೆಫ್ ಮೆಕ್‌ಫೀ ಎಂಬವರು ಸಾವಿರ ಮಂದಿ ಬಡವರಿಗೆ ಕ್ರಿಸ್‌ಮಸ್ ಊಟ ಹಾಕಬೇಕೆಂದು ಸಂಕಲ್ಪಿಸಿದರು. ಕೈಯಲ್ಲಿ ಹಣವಿರಲಿಲ್ಲ. ಹಿಂದೊಮ್ಮೆ ಲಿವರ್‌ಪೂಲಿನ ಬಂದರುಕಟ್ಟೆಯಲ್ಲಿ ದಾರಿಹೋಕರು ಬಡವರಿಗಾಗಿ ಕಾಸು ಹಾಕುವ ಹಂಡೆಯೊಂದನ್ನು ಕಂಡದ್ದು ಅವರ ನೆನಪಿಗೆ ಬಂತು. ಅಂಥದನ್ನೇ ದೋಣಿ ನಿಲ್ಲುವ ಕಟ್ಟೆಯಲ್ಲಿ ಇಟ್ಟರು. ಕೆಲವೇ ವರ್ಷಗಳಲ್ಲಿ ಈ ಹಂಡೆ ದೇಶವನ್ನು ದಾಟಿ ಪೂರ್ವದ ನಗರಗಳಿಗೆ ಬಂತು. ಇಂದಿಗೂ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಬೀದಿಗಳಲ್ಲಿ ಮುಕ್ಕಾಲಿಗೆ ತೂಗುಹಾಕಿದ ಕೆಂಪು ಹಂಡೆಯನ್ನೂ ಪಕ್ಕದಲ್ಲಿ ಗಂಟೆ ಬಾರಿಸುವವರನ್ನೂ ಕಾಣಬಹುದು. ನಾಣ್ಯವಿಲ್ಲದವರು ಜೇಬಿನ ಫೋನನ್ನು ತಾಗಿಸಿ ಹಣ ಕೊಡುವ ಏರ್ಪಾಡೂ ಈಗ ಬಂದಿದೆ.

ನಮ್ಮ ನುಡಿಯಲ್ಲಿ 'ಪಾತ್ರೆ' ಎಂಬ ಮಾತಿಗೂ 'ಪಾತ್ರ' ಎಂಬ ಮಾತಿಗೂ ಮೂಲ ಒಂದೇ. ಕೊಟ್ಟದ್ದನ್ನು ಹಿಡಿದುಕೊಳ್ಳುವುದು ಪಾತ್ರೆ. ಕೊಡುವುದಕ್ಕೆ ಅರ್ಹನಾದವನು ಪಾತ್ರ. ದಾನ ಮಾಡುವವನು ಮೊದಲು ಪಾತ್ರಾಪಾತ್ರ ವಿವೇಚನೆ ಮಾಡಬೇಕೆಂದು ಹಿರಿಯರು ಹೇಳುತ್ತಿದ್ದರು. ಹಂಡೆಯ ವಿಶೇಷವೆಂದರೆ ಅದು ಈ ವಿವೇಚನೆಯ ಹೊರೆಯನ್ನು ದಾರಿಹೋಕನಿಂದ ಇಳಿಸಿ ಸಂಸ್ಥೆಯ ಹೆಗಲಿಗೆ ಹೊರಿಸಿತು. ಕೊಟ್ಟವನು ಯಾರೆಂದು ಪಡೆಯುವವನಿಗೆ ತಿಳಿಯದು. ಪಡೆಯುವವನು ಯಾರೆಂದು ಕೊಟ್ಟವನಿಗೆ ತಿಳಿಯದು. ನಡುವೆ ಒಂದು ತೆರೆ ಬಿತ್ತು.

ಆದರೆ ಆ ತೆರೆಯ ಬೆಲೆಯನ್ನು ನಗರ ಕೂಡಲೇ ಅರಿಯಲಿಲ್ಲ. 1899ರ ಕ್ರಿಸ್‌ಮಸ್ ದಿನ ಅದೇ ಸಂಸ್ಥೆ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ದೊಡ್ಡ ಸಭಾಭವನದಲ್ಲಿ ಸುಮಾರು ಇಪ್ಪತ್ತು ಸಾವಿರ ಮಂದಿ ಬಡವರಿಗೆ ಹಬ್ಬದ ಊಟದ ಏರ್ಪಾಡು ಮಾಡಿತು. ಇದು ದೊಡ್ಡ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಭವನದ ಮೇಲಂತಸ್ತಿನ ಆಸನಗಳಲ್ಲಿ ಹಣ ತೆತ್ತು ಒಳಗೆ ಬಂದ ಶ್ರೀಮಂತರು ಕುಳಿತಿದ್ದರು. ಅವರು ಬಂದದ್ದು ಉಣ್ಣುವುದಕ್ಕಲ್ಲ, ಬಡವರು ಉಣ್ಣುವುದನ್ನು ನೋಡುವುದಕ್ಕೆ. ಮರುದಿನದ ಪತ್ರಿಕೆಗಳಲ್ಲಿ ಈ ನೋಟವೂ ಒಂದು ಸುದ್ದಿಯಾಯಿತು. ಹಸಿದವನ ತುತ್ತು ಇತರರಿಗೆ ನಾಟಕವಾದಾಗ ಅನ್ನದ ರುಚಿ ಏನಾಗುತ್ತದೆಂಬುದನ್ನು ಹಸಿದವನೇ ಹೇಳಬಲ್ಲ. ಅದೇ ಹಬ್ಬದಲ್ಲಿ ಮನೆಗೊಯ್ಯುವ ಬುಟ್ಟಿಗಳನ್ನೂ ಹಂಚಲಾಯಿತು. ಬುಟ್ಟಿಯನ್ನು ಪಡೆದ ತಾಯಿ ತನ್ನ ಒಲೆಯ ಮೇಲೆ ಬೇಯಿಸಿ, ತನ್ನ ಕೈಯಿಂದ ಮಕ್ಕಳಿಗೆ ಬಡಿಸಿದಳು. ಆಹಾರ ಒಂದೇ; ಆದರೆ ಒಂದೆಡೆ ಅವಳು ದಾನ ಪಡೆದ ಬಡವಳು, ಇನ್ನೊಂದೆಡೆ ತನ್ನ ಮನೆಯ ಯಜಮಾನಿ. ಎರಡಕ್ಕೂ ಇರುವ ಅಂತರ ಅಲ್ಪವಲ್ಲ.

ಹಬ್ಬದ ಊಟದ ಇನ್ನೊಂದು ಮಿತಿ 1911ರ ಕ್ರಿಸ್‌ಮಸ್ ದಿನ ಬೆಳಕಿಗೆ ಬಂತು. 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ಒಡೆಯರಾದ ಅಡಾಲ್ಫ್ ಆಕ್ಸ್ ಹಬ್ಬದ ಊಟ ಮುಗಿಸಿ ಅಡ್ಡಾಡಲು ಹೊರಟಾಗ ಹರಕು ಬಟ್ಟೆಯ ಒಬ್ಬ ಮನುಷ್ಯ ಎದುರಾದ. ಸೇವಾಸಂಸ್ಥೆಯೊಂದರಲ್ಲಿ ಆಗಲೇ ತನಗೆ ಕ್ರಿಸ್‌ಮಸ್ ಊಟವಾಯಿತೆಂದೂ, ಆದರೆ ರಾತ್ರಿ ಮಲಗಲು ಸ್ಥಳವಿಲ್ಲವೆಂದೂ ಹೇಳಿಕೊಂಡ. ಆಕ್ಸ್ ಕೆಲವು ಡಾಲರುಗಳನ್ನು ಕೊಟ್ಟು, ಕೆಲಸ ಬೇಕಾಗಿದ್ದರೆ ನಾಳೆ ಬಂದು ಕಾಣುವಂತೆ ತಿಳಿಸಿದರು. ಆ ಮನುಷ್ಯನ ಮಾತು ಚಿಕ್ಕದಾದರೂ ಅದರಲ್ಲಿ ಒಂದು ದೊಡ್ಡ ತಥ್ಯವಿದೆ. ಹಬ್ಬ ಒಂದು ಹೊತ್ತಿನ ಹೊಟ್ಟೆಯನ್ನು ತುಂಬಿಸಬಲ್ಲುದು. ಆದರೆ ಊಟದ ಆನಂತರವೂ ರಾತ್ರಿಯುಂಟು, ರಾತ್ರಿಯ ಆನಂತರ ನಾಳೆಯುಂಟು.

ಮರುವರ್ಷ, ಅಂದರೆ 1912ರ ಡಿಸೆಂಬರ್ 15ರಂದು, ಆ ಪತ್ರಿಕೆ ನಗರದ ನೂರು ಅತ್ಯಂತ ಕಷ್ಟದ ಸಂಸಾರಗಳ ವೃತ್ತಾಂತವನ್ನು ಅಚ್ಚುಮಾಡಿತು. ವಿಧವೆಯರು, ಅನಾಥ ಮಕ್ಕಳು, ರೋಗಿಗಳು, ಮುದುಕರು ಇವರ ಕಥೆಗಳವು. ನಗರದ ಮೂರು ಧರ್ಮಸಂಸ್ಥೆಗಳು ವಿಚಾರಿಸಿ ಆಯ್ದುಕೊಟ್ಟಿದ್ದವು. ವೃತ್ತಾಂತವಿತ್ತು, ಹೆಸರು ಇರಲಿಲ್ಲ. ಓದಿದವರು ಕಷ್ಟವನ್ನು ಅರಿತರೇ ಹೊರತು ಕಷ್ಟಪಟ್ಟವರ ಬಾಗಿಲನ್ನು ಅರಿಯಲಿಲ್ಲ. ಆ ವರ್ಷ 117 ಮಂದಿ ಸೇರಿ 3,630 ಡಾಲರುಗಳಿಗಿಂತ ತುಸು ಹೆಚ್ಚು ಹಣ ಕಳುಹಿಸಿದರು. ಮೊತ್ತ ದೊಡ್ಡದಲ್ಲ, ಆದರೆ ಪದ್ಧತಿ ಗಟ್ಟಿಯಾಗಿತ್ತು. ವರ್ಷವರ್ಷವೂ ನಡೆದು ಶತಮಾನವನ್ನು ದಾಟಿತು. ಹಣವನ್ನು ಸೇವಾಸಂಸ್ಥೆಗಳಿಗೆ ಒಪ್ಪಿಸಿದ್ದರಿಂದ ಹಬ್ಬ ಕಳೆದ ಮೇಲೂ ಬಾಡಿಗೆಗೆ, ಔಷಧಕ್ಕೆ, ಕಲ್ಲಿದ್ದಲಿಗೆ ಅದು ಒದಗಬಹುದಾಯಿತು.

ಇಲ್ಲಿಯೂ ಒಂದು ಆಕ್ಷೇಪಕ್ಕೆ ಅವಕಾಶವಿದೆ. ನೂರನ್ನು ಆರಿಸಿದರೆ ನೂರ ಒಂದನೆಯವನ ಗತಿಯೇನು? ಕಥೆ ಕೇಳಿದರೆ ಕಣ್ಣೀರು ಬರುವಂಥವನಿಗೆ ಹಣ ಬೇಗ ಬರುತ್ತದೆ. ಕುಡಿತದಿಂದ ಕೆಟ್ಟವನಿಗೆ, ಸೆರೆಮನೆಯಿಂದ ಬಂದವನಿಗೆ, ತನ್ನ ದುಃಖವನ್ನು ಹೇಳಲು ಬಾರದವನಿಗೆ ಬರುವುದು ಕಷ್ಟ. ಸತ್ಪಾತ್ರನನ್ನು ಹುಡುಕುವ ಭರದಲ್ಲಿ ಹಸಿವಿಗೆ ಯೋಗ್ಯತೆಯ ಪರೀಕ್ಷೆಯಿಲ್ಲವೆಂಬುದನ್ನು ದಾನಿ ಮರೆಯುವ ಭಯವುಂಟು.

ಅದೇ 1912ರ ಕ್ರಿಸ್‌ಮಸ್ ಮುನ್ನಾದಿನ ಸಂಜೆ ನಗರ ಪರೀಕ್ಷೆಯೇ ಇಲ್ಲದ ಒಂದು ಕೊಡುಗೆಯನ್ನು ಕಂಡಿತು. ಮ್ಯಾಡಿಸನ್ ಚೌಕದ ಉದ್ಯಾನದಲ್ಲಿ ಸುಮಾರು ಅರುವತ್ತು ಅಡಿ ಎತ್ತರದ ಕ್ರಿಸ್‌ಮಸ್ ಮರವನ್ನು ನಿಲ್ಲಿಸಿ ವಿದ್ಯುದ್ದೀಪಗಳಿಂದ ಬೆಳಗಿಸಲಾಯಿತು. ಅಲಂಕರಿಸಿದ ಮರ ಅದುವರೆಗೆ ಅನುಕೂಲಸ್ಥರ ಮನೆಯೊಳಗಿನ ವಸ್ತುವಾಗಿತ್ತು. ಮನೆಯೇ ಇಲ್ಲದವನಿಗೆ ಮರವೆಲ್ಲಿಯದು? ಚೌಕದ ಮರಕ್ಕೆ ಗೋಡೆಯಿಲ್ಲ, ಟಿಕೇಟಿಲ್ಲ. ಕೆಳಗೆ ನಿಂತು ಹಾಡು ಕೇಳುವವರಲ್ಲಿ ದಾನಿ ಯಾರು, ದೀನ ಯಾರು ಎಂದು ವಿಂಗಡಿಸುವ ಬಗೆಯೂ ಇಲ್ಲ. ಹದಿಮೂರು ವರ್ಷಗಳ ಹಿಂದೆ ಮ್ಯಾಡಿಸನ್ ಸ್ಕ್ವೇರ್ ಎಂಬ ಅದೇ ಹೆಸರಿನ ಭವನದಲ್ಲಿ ಮೇಲೆ ಕುಳಿತು ನೋಡಿದವರೂ ಕೆಳಗೆ ಉಂಡವರೂ ಬೇರೆಬೇರೆಯಾಗಿದ್ದರು. ಚೌಕದಲ್ಲಿ ಎಲ್ಲರೂ ಒಂದೇ ನೆಲದ ಮೇಲೆ ನಿಂತರು.

ಮೂರನೆಯ ಉಪಾಯ ಮಕ್ಕಳಿಂದ ಬಂತು. ಸ್ಯಾಂಟಾ ಕ್ಲಾಸ್ ಎಂಬ ಉಡುಗೊರೆಯ ಅಜ್ಜನಿಗೆ ಮಕ್ಕಳು ಕಾಗದ ಬರೆಯುತ್ತಾರೆ. ವಿಳಾಸದಾರನಿಲ್ಲದ ಈ ಕಾಗದಗಳು ವಾರಸುದಾರರಿಲ್ಲದ ಪತ್ರಗಳ ಕಚೇರಿಗೆ ಹೋಗಿ ಬೀಳುತ್ತಿದ್ದವು. 1912ರಲ್ಲಿ ಅಂಚೆ ಇಲಾಖೆಯ ಮುಖ್ಯಾಧಿಕಾರಿ ಫ್ರಾಂಕ್ ಹಿಚ್‌ಕಾಕ್, ಇವುಗಳಿಗೆ ಅಂಚೆಯ ನೌಕರರೂ ನಾಗರಿಕರೂ ಉತ್ತರ ಕೊಡಬಹುದೆಂದು ಅನುಮತಿಯಿತ್ತರು. ಬೂಟು ಬೇಕು, ತಮ್ಮನಿಗೆ ಕೋಟು ಬೇಕು ಎಂದು ಬರೆದ ಮಗುವಿಗೆ ಯಾರೋ ಅಪರಿಚಿತರು ಅಜ್ಜನ ಹೆಸರಿನಲ್ಲಿ ಕಳುಹಿಸಿದರೆ, ಮಗು ಯಾರಿಗೂ ಋಣಿಯಲ್ಲ. ಅಜ್ಜನಿಗೆ ಕೃತಜ್ಞತೆ ಹೇಳಿದರೆ ತೀರಿತು.

ಆದರೆ ತೆರೆಯ ಮರೆಯಲ್ಲಿ ದಾನ ನಡೆಯುವಂತೆ ಮೋಸವೂ ನಡೆಯಬಹುದು. 1913ರಲ್ಲಿ ನ್ಯೂಯಾರ್ಕಿನ ಜಾನ್ ಡುವಾಲ್ ಗ್ಲಕ್ ಎಂಬಾತ ಸ್ಯಾಂಟಾ ಕ್ಲಾಸ್ ಅಸೋಸಿಯೇಷನ್ ಎಂಬ ಸಂಘ ಕಟ್ಟಿ, ಆ ನಗರದ ಕಾಗದಗಳನ್ನು ಪಡೆದು ದಾನಿಗಳಿಗೆ ತಲಪಿಸುವ ಕೆಲಸ ಹಿಡಿದ. ಬಹಳ ಮೆಚ್ಚುಗೆ ಬಂತು, ಹಣವೂ ಬಂತು. ವರ್ಷಗಳು ಉರುಳಿದಂತೆ ಆ ಹಣ ಎಲ್ಲಿ ಹೋಯಿತೆಂಬುದಕ್ಕೆ ತೃಪ್ತಿಕರವಾದ ಲೆಕ್ಕ ಸಿಗಲಿಲ್ಲ. ನಗರದ ಲೋಕಕಲ್ಯಾಣಾಧಿಕಾರಿ ಬರ್ಡ್ ಕೋಲರ್ ವಿಚಾರಣೆಗೆ ತೊಡಗಿದ ಮೇಲೆ 1928ರಲ್ಲಿ ಅಂಚೆಯವರು ಸಂಘಕ್ಕೆ ಕಾಗದ ಕೊಡುವುದನ್ನು ನಿಲ್ಲಿಸಿದರು. ನೆರೆಮನೆಯಾಕೆ ಕೊಟ್ಟ ಪಾಯಸಕ್ಕೆ ಲೆಕ್ಕಪತ್ರ ಬೇಕಾಗಿಲ್ಲ, ಅದನ್ನು ಉಂಡವರು ಕಣ್ಣೆದುರಿಗೇ ಇದ್ದಾರೆ. ಪರಿಚಯವಿಲ್ಲದ ದಾನಕ್ಕೆ ಲೆಕ್ಕವೇ ಪರಿಚಯದ ಬದಲಿನ ಆಧಾರ. ಆದುದರಿಂದ ಮಹಾನಗರದಲ್ಲಿ ಲೆಕ್ಕ ಕೇಳುವುದನ್ನು ಜಿಪುಣತನವೆನ್ನಲಾಗದು.

ಅಂಚೆಯ ಈ ಕಾರ್ಯ ಈಗಲೂ ನಡೆದಿದೆ. 2017ರಲ್ಲಿ ನ್ಯೂಯಾರ್ಕಿನಲ್ಲಿಯೂ 2020ರಲ್ಲಿ ದೇಶಾದ್ಯಂತವೂ ಕಾಗದಗಳನ್ನು ಅಂತರ್ಜಾಲದ ಮೂಲಕ ಓದುವ ವ್ಯವಸ್ಥೆಯಾಯಿತು. ಮಗುವಿನ ಮನೆತನದ ಹೆಸರು, ವಿಳಾಸಗಳನ್ನು ಅಳಿಸಿ ತೋರಿಸುತ್ತಾರೆ. ಕೊಡುವವರು ತಮ್ಮ ಗುರುತನ್ನು ಅಂಚೆಗೆ ದೃಢಪಡಿಸಬೇಕು. ಉಡುಗೊರೆ ಅಂಚೆಯ ಮೂಲಕವೇ ಹೋಗಬೇಕು. ಮರೆಯೂ ಉಂಟು, ಲೆಕ್ಕವೂ ಉಂಟು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಉಳ್ಳವರು ಇಲ್ಲದವರಿಗೆ ಕೊಟ್ಟ ಮಾತು. ಇಲ್ಲದವರು ತಾವೇ ಕೂಡಿ ಮಾಡಿದ ಹಬ್ಬವೂ ಒಂದುಂಟು. 1931ರ ಡಿಸೆಂಬರಿನಲ್ಲಿ ಅಮೆರಿಕ ದೊಡ್ಡ ಆರ್ಥಿಕ ಕುಸಿತಕ್ಕೆ ಸಿಕ್ಕಿತ್ತು. ಕೂಲಿ ದೊರೆತವನೇ ಭಾಗ್ಯವಂತ. ಆಗ ಕಟ್ಟುತ್ತಿದ್ದ ರಾಕ್‌ಫೆಲರ್ ಸೆಂಟರಿನ ಕೆಲಸಗಾರರು ತಮ್ಮತಮ್ಮಲ್ಲಿ ಚಂದಾ ಎತ್ತಿ ಇಪ್ಪತ್ತು ಅಡಿಯ ಮರವೊಂದನ್ನು ತಂದು ಕಟ್ಟಡದ ಕೆಸರಿನ ನಡುವೆ ನಿಲ್ಲಿಸಿದರು. ಅವರ ಮನೆಯವರು ಕೈಯಾರೆ ಮಾಡಿದ ಮಾಲೆಗಳಿಂದ ಅದನ್ನು ಸಿಂಗರಿಸಿದರು. 1933ರಿಂದ ಅಲ್ಲಿ ಮರವನ್ನು ಬೆಳಗುವುದು ಅಧಿಕೃತ ಉತ್ಸವವಾಯಿತು. ಇಂದು ಲೋಕದ ಮೂಲೆಮೂಲೆಯ ಜನ ನೋಡುವ ಆ ಭಾರಿ ಮರದ ಮೂಲ, ಕೂಲಿಗಾರರ ಜೇಬಿನ ಚಿಲ್ಲರೆ.

ಹಬ್ಬ ಮುಗಿದ ಮೇಲೆ ಆ ಮರದ ಗತಿ ಏನಾಗುತ್ತದೆಂಬುದನ್ನೂ ಹೇಳಬೇಕು. 2007ರಿಂದೀಚೆಗೆ ಅದನ್ನು ಹಲಗೆಗಳಾಗಿ ಕುಯ್ಯಿಸಿ, ಬಡ ಸಂಸಾರಗಳಿಗೆ ಮನೆ ಕಟ್ಟಿಕೊಡಲು ನೆರವಾಗುವ ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿ ಎಂಬ ಸಂಸ್ಥೆಗೆ ಕೊಡುತ್ತಾರೆ. 1911ರಲ್ಲಿ ಅಡಾಲ್ಫ್ ಆಕ್ಸ್ ಅವರಿಗೆ ಎದುರಾದ ಮನುಷ್ಯ ಕೇಳಿದ್ದು ಇದನ್ನೇ ಅಲ್ಲವೆ? ಊಟವೇನೋ ಆಗಿತ್ತು, ಮಲಗಲು ಒಂದು ಸೂರು ಬೇಕಾಗಿತ್ತು. ಒಂದು ಮರದ ಹಲಗೆಗಳಿಂದ ನಗರದ ನಿರ್ವಸಿತರ ಕಷ್ಟ ತೀರುತ್ತದೆಂದು ಯಾರೂ ಭ್ರಮಿಸಬೇಕಾಗಿಲ್ಲ. ಇಂದಿಗೂ ಆ ನಗರದಲ್ಲಿ ಸಾವಿರಾರು ಜನ ಆಶ್ರಯಗೃಹಗಳಲ್ಲಿ ರಾತ್ರಿ ಕಳೆಯುತ್ತಾರೆ. ಆದರೂ ಡಿಸೆಂಬರಿನಲ್ಲಿ ದೀಪ ಹೊತ್ತ ಮರ ಮುಂದೆ ಒಂದು ಸಂಸಾರದ ಮನೆಗೆ ಮರಮಟ್ಟಾಗಿ ಒದಗುವುದರಲ್ಲಿ ಹಬ್ಬದ ದಾನ ಎತ್ತ ಸಾಗಬೇಕೆಂಬುದರ ಸೂಚನೆಯಿದೆ. ಹಬ್ಬದ ದಿನ ಕೊಡುವುದು ಸುಲಭ, ಆ ದಿನ ಗಾಳಿಯೇ ಉದಾರವಾಗಿರುತ್ತದೆ. ಪಡೆದವನು ತಲೆ ತಗ್ಗಿಸದಂತೆ, ಕೊಟ್ಟದ್ದು ಹಬ್ಬದ ಮರುದಿನಕ್ಕೂ ಉಳಿಯುವಂತೆ ಕೊಡುವುದು ಕಷ್ಟ. ಅದನ್ನು ಕಲಿಯಲು ಒಂದು ಮಹಾನಗರಕ್ಕೆ ನೂರಕ್ಕೂ ಹೆಚ್ಚು ಡಿಸೆಂಬರುಗಳು ಬೇಕಾದುವು. ಕಲಿಕೆ ಇನ್ನೂ ಮುಗಿದಿಲ್ಲ.