ವೃಷಭಾವತಿಯ ಗುಂಟ, ಕಾಯ್ದೆಯ ಜಾಡು ಹಿಡಿದು

ವೃಷಭಾವತಿ ಹುಟ್ಟುವುದು ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿ ಎಂಬುದು ಹಳೇ ಬೆಂಗಳೂರಿಗರ ನಂಬಿಕೆ. ಇನ್ನೊಂದು ಕವಲು ಪೀಣ್ಯದ ಕಡೆಯಿಂದ ಇಳಿದು ಬರುತ್ತದೆ. ಎರಡೂ ಕೂಡಿ ಮೈಸೂರು ರಸ್ತೆಯ ಮಗ್ಗುಲಲ್ಲೇ ಹರಿದು, ಕೆಂಗೇರಿ, ಕುಂಬಳಗೋಡು ದಾಟಿ, ಬಿಡದಿ ಬಳಿಯ ಬೈರಮಂಗಲ ಕೆರೆ ಸೇರುತ್ತವೆ. ಅಲ್ಲಿಂದ ಮುಂದೆ ಅರ್ಕಾವತಿ, ಸಂಗಮದಲ್ಲಿ ಕಾವೇರಿ. ನೀರು ಕೆಡಿಸಿದವರನ್ನು ಕಾನೂನು ಎಲ್ಲಿ ಹಿಡಿಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂದು ತಿಳಿಯಲು ಈ ಹೊಳೆಯ ಜೊತೆ ಹೆಜ್ಜೆ ಹಾಕಿದರೆ ಸಾಕು.

ಶುರು ಪೀಣ್ಯದ ಕೈಗಾರಿಕಾ ಪ್ರದೇಶದಿಂದ. ಲೋಹಕ್ಕೆ ಕ್ರೋಮಿಯಂ ಲೇಪಿಸುವ ಪ್ಲೇಟಿಂಗ್ ಘಟಕವೊಂದರ ಹಿಂಭಾಗದಲ್ಲಿ ಸಾಲಾಗಿ ನಾಲ್ಕೈದು ತೊಟ್ಟಿಗಳು. ಇದೇ ಇಟಿಪಿ, ಅಂದರೆ ಕಾರ್ಖಾನೆಯ ತ್ಯಾಜ್ಯ ನೀರು ಶುದ್ಧಗೊಳಿಸುವ ಘಟಕ. ಮೊದಲ ತೊಟ್ಟಿಯ ನೀರು ಗಾಢ ಹಳದಿ. ಅದು ವಿಷಕಾರಿ ಕ್ರೋಮಿಯಂನ ಬಣ್ಣ. ಆಸಿಡ್ ಬೆರೆಸಿ, ಮೆಟಾಬೈಸಲ್ಫೈಟ್ ಪುಡಿ ಸುರಿದು ಕಲಕಿದರೆ ಹಳದಿ ಹೋಗಿ ಹಸಿರು ಬರುತ್ತದೆ. ಆಮೇಲೆ ಸುಣ್ಣ. ಹಸಿರು ಕೆಸರು ತಳಕ್ಕೆ ಕೂತು, ಮೇಲಿನ ತಿಳಿನೀರು ಕೊನೆಯ ಪೈಪಿಗೆ ಬರುತ್ತದೆ.

ಆ ಪೈಪಿನಿಂದ ಏನು ಹೊರಗೆ ಬರಬಹುದು ಎನ್ನುವುದು ಆಫೀಸಿನ ಗೋಡೆಯ ಮೇಲೆ ತೂಗುಹಾಕಿದ ಕಾಗದದಲ್ಲಿದೆ. ಸರ್ಕಾರಿ ಭಾಷೆಯಲ್ಲಿ ಸಮ್ಮತಿ ಪತ್ರ, ಪೀಣ್ಯದವರ ಬಾಯಲ್ಲಿ ಕನ್ಸೆಂಟ್. 1974ರ ಜಲ ಮಾಲಿನ್ಯ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಕೊಡುವ ಈ ಒಪ್ಪಿಗೆ ಇಲ್ಲದೆ ಹನಿ ತ್ಯಾಜ್ಯ ನೀರನ್ನೂ ಹೊರಬಿಡುವಂತಿಲ್ಲ. ಹೊಳೆ–ಕೆರೆಗೆ ಬಿಡುವ ನೀರಿಗೆ ದೇಶದ ಸಾಮಾನ್ಯ ಮಾನದಂಡ ಹೀಗಿದೆ: ಲೀಟರಿಗೆ ಬಿಒಡಿ (ಕೊಳಕನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ) 30 ಮಿಲಿಗ್ರಾಂ, ಸಿಒಡಿ (ರಾಸಾಯನಿಕ ಆಮ್ಲಜನಕ ಬೇಡಿಕೆ) 250, ಒಟ್ಟು ಕ್ರೋಮಿಯಂ 2, ಅದರಲ್ಲಿ ಆ ಹಳದಿ ಕ್ರೋಮಿಯಂ 0.1 ಮೀರಬಾರದು.

ಮೀರಿದೆಯೋ ಇಲ್ಲವೋ ಎಂದು ನೋಡಲು ಬರುವ ಅಧಿಕಾರಿ ಮೊದಲು ಕೇಳುವುದು ಲಾಗ್‌ಬುಕ್. ಇಟಿಪಿಗೇ ಬೇರೆ ಕರೆಂಟ್ ಮೀಟರ್ ಇದ್ದರೆ ಅದರ ರೀಡಿಂಗ್ ಸುಳ್ಳು ಹೇಳುವುದಿಲ್ಲ. ಪಂಪು ಓಡದ ದಿನ ಯೂನಿಟ್ಟೂ ಏರಿರುವುದಿಲ್ಲ. ನಂತರ ಸ್ಯಾಂಪಲ್. 21ನೇ ಸೆಕ್ಷನ್ನಿನ ಕಟ್ಟುಪಾಡು ಬಿಗಿಯಾದದ್ದು. ಪರೀಕ್ಷೆಗೆಂದು ನೀರು ತೆಗೆಯುತ್ತಿದ್ದೇವೆ ಎಂದು ಮಾಲೀಕರಿಗೆ ಅಲ್ಲೇ ನೋಟಿಸ್ ಕೊಡಬೇಕು. ಅವರ ಎದುರಿಗೇ ಎರಡು ಪಾಲು ಮಾಡಿ, ಸೀಲು ಹಾಕಿ, ಇಬ್ಬರೂ ಸಹಿ ಮಾಡಬೇಕು. ಇದರಲ್ಲಿ ಎಡವಿದರೆ ವರದಿಯಲ್ಲಿ ಎಷ್ಟೇ ವಿಷ ಕಂಡಿರಲಿ, ಕೋರ್ಟಿನಲ್ಲಿ ಅದು ಸಾಕ್ಷ್ಯವಾಗಿ ನಿಲ್ಲದು. ಬಿಒಡಿ ಪರೀಕ್ಷೆಗೆ 27 ಡಿಗ್ರಿಯಲ್ಲಿ ಮೂರು ದಿನ ಬೇಕು. ಅಷ್ಟರಲ್ಲಿ ಪೈಪಿನಿಂದ ಹೊರಟ ನೀರು ರಾಜಕಾಲುವೆ ಹಿಡಿದಾಗಿರುತ್ತದೆ.

ತಪ್ಪು ಸಾಬೀತಾದರೆ ಮಂಡಳಿಯ ಕೈಯಲ್ಲಿರುವ ಗಟ್ಟಿ ಆಯುಧ 1988ರ ತಿದ್ದುಪಡಿಯಲ್ಲಿ ಸೇರಿದ 33ಎ ಸೆಕ್ಷನ್: ಘಟಕ ಮುಚ್ಚಿಸುವ, ಕರೆಂಟು–ನೀರು ಕಡಿತ ಮಾಡಿಸುವ ಅಧಿಕಾರ. ವಿದ್ಯುತ್ ಕಂಪನಿ ಬೆಸ್ಕಾಂಗೆ ಹೋಗುವ ಒಂದು ಆದೇಶ ವರ್ಷಗಟ್ಟಲೆ ನಡೆಯುವ ಕೇಸಿಗಿಂತ ಬೇಗ ನಾಟುತ್ತದೆ.

ಮೈಸೂರು ರಸ್ತೆಗೆ ಬಂದರೆ ಲೆಕ್ಕ ಬದಲಾಗುತ್ತದೆ. ಗಾಳಿ ಆಂಜನೇಯನ ಗುಡಿ ದಾಟಿ ಮುಂದೆ ಹೋಗುತ್ತಿದ್ದಂತೆ ಹೊಳೆಯನ್ನು ಕಣ್ಣಿಗಿಂತ ಮೊದಲು ಮೂಗು ಪತ್ತೆ ಹಚ್ಚುತ್ತದೆ. ಕಾಂಕ್ರೀಟ್ ಗೋಡೆಗಳ ನಡುವೆ ಕಪ್ಪು ನೀರು. ಅದರಲ್ಲಿ ಬಹುಪಾಲು ನಮ್ಮ ನಿಮ್ಮ ಮನೆಗಳ ಕೊಳಚೆ. ಕಾಯ್ದೆಗೆ ಕಾರ್ಖಾನೆ, ಊರು ಎಂಬ ಭೇದವಿಲ್ಲ. ಜಲಮಂಡಳಿಯ ಶುದ್ಧೀಕರಣ ಘಟಕಕ್ಕೂ ಕನ್ಸೆಂಟ್ ಬೇಕು, ಅದಕ್ಕೂ ಮಿತಿ ಉಂಟು. ಆದರೆ ಮಿತಿ ಮೀರಿದರೆ ಮಾಡುವುದೇನು? ಕಾರ್ಖಾನೆಯ ಕರೆಂಟು ಕಿತ್ತರೆ ಕೊಳಕು ನಿಲ್ಲುತ್ತದೆ. ಶುದ್ಧೀಕರಣ ಘಟಕದ ಕರೆಂಟು ಕಿತ್ತರೆ ಇದ್ದ ಕೊಳಕೆಲ್ಲ ನೇರ ಹೊಳೆಗೆ. ನಗರಕ್ಕೆ ಬೀಗ ಜಡಿಯಲಾಗದು. ಉಳಿಯುವುದು ದಂಡ. ಇದೇ ನಗರದ ಇನ್ನೊಂದು ಮಗ್ಗುಲಿನ ಬೆಳ್ಳಂದೂರು ಕೆರೆಯ ಮಾಲಿನ್ಯದ ವಿಷಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2018ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಪಾಲಿಕೆಗೆ 25 ಕೋಟಿ ರೂಪಾಯಿ ಹಾಕಿತು. ಎರಡೂ ತೆರಿಗೆದಾರರ ಜೇಬಿನದೇ.

ಹೆದ್ದಾರಿ ಬಿಟ್ಟು ಒಳಹೊಕ್ಕರೆ ಬೈರಮಂಗಲ. ಕೆರೆಯಿಂದ ನೀರು ಧುಮುಕುವಲ್ಲಿ ನೊರೆ ಏಳುತ್ತದೆ. ಭತ್ತ ಬೆಳೆಯುತ್ತಿದ್ದ ಅಚ್ಚುಕಟ್ಟಿನಲ್ಲಿ ಈಗ ಬೇಬಿಕಾರ್ನ್, ಹಿಪ್ಪುನೇರಳೆ, ಸೀಮೆಹುಲ್ಲು. ಇಲ್ಲಿ ಒಂದು ಲೀಟರ್ ನೀರು ತುಂಬಿ ಪರೀಕ್ಷಿಸಿದರೆ ಎಷ್ಟು ಕೆಟ್ಟಿದೆ ಎಂದು ಗೊತ್ತಾಗುತ್ತದೆ, ಕೆಡಿಸಿದವರು ಯಾರೆಂದಲ್ಲ. ಕಾಯ್ದೆಯ ಅಷ್ಟೂ ಬಿಗಿ ಪೈಪಿನ ಬಾಯಲ್ಲಿದೆ. ಎಲ್ಲ ಪೈಪುಗಳ ನೀರು ಬೆರೆತ ಮೇಲೆ ನೋಟಿಸ್ ಪಡೆಯುವವರೇ ಇಲ್ಲ.

ಹಾಗೆಂದು ಕೆಳಗಿನವರಿಗೆ ಕಾಯ್ದೆ ಬಾಗಿಲು ಮುಚ್ಚಿಲ್ಲ. ಯಾರಿಗೆ ಯಾವ ಷರತ್ತು ಹಾಕಿದೆ ಎಂಬ ರಿಜಿಸ್ಟರನ್ನು ಮಂಡಳಿ ಇಡಬೇಕು, ಆ ನೀರಿನಿಂದ ಬಾಧೆಗೊಳಗಾದವರು ಅದನ್ನು ನೋಡಬಹುದು ಎನ್ನುತ್ತದೆ 25ನೇ ಸೆಕ್ಷನ್. 49ನೇ ಸೆಕ್ಷನ್ ಪ್ರಕಾರ ಮಂಡಳಿಗೆ 60 ದಿನಗಳ ನೋಟಿಸ್ ಕೊಟ್ಟು ಯಾರು ಬೇಕಾದರೂ ತಾವೇ ಕೋರ್ಟಿಗೆ ದೂರು ಒಯ್ಯಬಹುದು. ಎರಡಕ್ಕೂ ಮೊದಲು ಇಂಥದೇ ಪೈಪು ಎಂದು ಬೆರಳು ಮಾಡಿ ತೋರಿಸಬೇಕು. ಅದಕ್ಕೆ ಬೈರಮಂಗಲದ ರೈತ ಕೆರೆ ಏರಿಯ ಮೇಲೆ ನಿಂತರೆ ಆಗದು. ಹೊಳೆಗೆ ಎದುರಾಗಿ ಪೀಣ್ಯದವರೆಗೂ ನಡೆಯಬೇಕು.