ಸಹಕಾರನಗರದ ಸುತ್ತ ಉಕ್ಕಿನ ಜಾಡು

ಹೆಬ್ಬಾಳದ ಮೇಲ್ಸೇತುವೆ ದಾಟಿ ಬಳ್ಳಾರಿ ರಸ್ತೆಯಲ್ಲಿ ಉತ್ತರಕ್ಕೆ ಹೊರಟರೆ ಎಡಗಡೆಗೆ ಕೊಡಿಗೇಹಳ್ಳಿ, ಅದಕ್ಕೆ ಅಂಟಿಕೊಂಡೇ ಸಹಕಾರನಗರ. ವಿಮಾನ ನಿಲ್ದಾಣದ ದಾರಿಯಲ್ಲಿ ಸಿಗುವ ಒಂದು ವಸತಿ ಬಡಾವಣೆ ಎಂದಷ್ಟೇ ಹಲವರಿಗೆ ಇದರ ಪರಿಚಯ. ಕತ್ತಿ ಬಡಿಯುವ ವಿದ್ಯೆಯನ್ನು ಕೈಯಾರೆ ಕಲಿಯಬೇಕೆಂಬ ಆಸೆಯುಳ್ಳವರು ಮಾತ್ರ ಇಲ್ಲಿ ಒಮ್ಮೆ ನಿಂತು ಸುತ್ತ ನೋಡಬೇಕು. ಪಕ್ಕದ ಹೆದ್ದಾರಿ ಹೊತ್ತಿರುವುದೇ ಅದಿರಿನ ನಾಡಿನ ಹೆಸರನ್ನು. ದಕ್ಷಿಣಕ್ಕೆ ಹೆಬ್ಬಾಳದ ವೀರಗಲ್ಲು, ಬಡಾವಣೆಯ ನೆರೆಯಲ್ಲೇ ಕೃಷಿ ವಿಶ್ವವಿದ್ಯಾಲಯ, ಯಶವಂತಪುರದ ಕಡೆಗೆ ಉಕ್ಕಿನ ಚರಿತ್ರೆ ಬರೆದ ವಿದ್ವಾಂಸರ ಸಂಸ್ಥೆ. ಎಲ್ಲವೂ ಸುಮಾರು ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿವೆ.

ಕಲ್ಲಿನಲ್ಲಿ ಉಳಿದ ವೀರ

ಮೊದಲು ಹೆಬ್ಬಾಳ. ಗಂಗ ದೊರೆ ಶ್ರೀಪುರುಷನ ಕಾಲದಲ್ಲಿ, ಸುಮಾರು ಕ್ರಿ.ಶ. 750ರಲ್ಲಿ, ರಟ್ಟವಾಡಿಯ ದಂಡಿನೊಡನೆ ಕಾದಿ ಮಡಿದ ಕಿತ್ತಯ್ಯನ ವೀರಗಲ್ಲು ಇಲ್ಲಿದೆ. 2018ರಲ್ಲಿ ಬೆಳಕಿಗೆ ಬಂದ ಈ ಕಲ್ಲಿಗೆ ಊರವರೂ ಶಾಸನಾಸಕ್ತರೂ ಸೇರಿ ಮಂಟಪ ಕಟ್ಟಿಸಿದ್ದಾರೆ. ಬೆಂಗಳೂರಿನ ಅತಿ ಹಳೆಯ ಕನ್ನಡ ಬರಹಗಳಲ್ಲಿ ಇದೂ ಒಂದು. ಕಿತ್ತಯ್ಯನ ಹೆಸರು ಸುಮಾರು ಹದಿಮೂರು ಶತಮಾನ ದಾಟಿ ನಮ್ಮವರೆಗೆ ಬಂತು. ಅವನ ಕಾಲದ ಆಯುಧಗಳನ್ನು ಬಡಿದ ಕಮ್ಮಾರರ ಹೆಸರು ಬರಲಿಲ್ಲ. ಅವರ ವಿದ್ಯೆ ಮಾತ್ರ ಕೈಯಿಂದ ಕೈಗೆ ದಾಟುತ್ತ ಬಂತು.

ಜಗತ್ತಿಗೆ ಹೋದ ‘ಉಕ್ಕು’

ಆ ವಿದ್ಯೆಯ ಎತ್ತರ ತಿಳಿಯಲು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಕಡೆಗೆ ನೋಡಬೇಕು. ಇಲ್ಲಿನ ಶಾರದಾ ಶ್ರೀನಿವಾಸನ್ ಮತ್ತು ವಿಜ್ಞಾನ ಸಂಸ್ಥೆಯ ಎಸ್. ರಂಗನಾಥನ್ ಸೇರಿ ದಕ್ಷಿಣ ಭಾರತದ ಮೂಸೆ ಉಕ್ಕಿನ ಕುರಿತು 2004ರಲ್ಲಿ ಪುಸ್ತಕ ಹೊರತಂದರು. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ಜೊತೆ ಕಟ್ಟಿಗೆ, ಎಲೆಯಂಥ ಇಂಗಾಲದ ವಸ್ತು ಇಟ್ಟು, ಬಾಯಿ ಮುಚ್ಚಿ, ಗಂಟೆಗಟ್ಟಲೆ ಕಾಯಿಸಿ ಪಡೆಯುತ್ತಿದ್ದ ಉಕ್ಕು ಅದು. ಅದರಲ್ಲಿ ಇಂಗಾಲ ಸುಮಾರು ಶೇ 1.5. ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ಸಿಕ್ಕ ಮೂಸೆಗಳು ನಮ್ಮ ನೆಲದಲ್ಲೇ ಈ ಕೆಲಸ ನಡೆದಿದ್ದಕ್ಕೆ ಸಾಕ್ಷಿ.

1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಈ ಉಕ್ಕಿನ ಬಗ್ಗೆ ಪ್ರಬಂಧ ಮಂಡಿಸಿದಾಗ ಅದನ್ನು ‘ವೂಟ್ಜ್’ ಎಂದು ಕರೆದ. ನಮ್ಮ ‘ಉಕ್ಕು’ ಎಂಬ ಮಾತೇ ಹಾಗಾಯಿತೆಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಸುಮಾರು ಕಾಲು ಶತಮಾನದ ಬಳಿಕ ವಿಜ್ಞಾನಿ ಮೈಕೆಲ್ ಫ್ಯಾರಡೆಯೂ ಇದರ ಗುಟ್ಟು ಬಿಡಿಸಲು ಕುಳಿತ. ಅವನ ತಂದೆ ಕಮ್ಮಾರರಾಗಿದ್ದರು.

ಕುಲುಮೆಯ ಮುಂದೆ

ಓದಿ ತಿಳಿಯುವುದು ಇಲ್ಲಿಗೆ ಮುಗಿಯಿತು. ಮುಂದಿನ ಪಾಠಕ್ಕೆ ಕುಲುಮೆಯ ಮುಂದೆ ನಿಲ್ಲಬೇಕು. ತಿದಿ ಒತ್ತುವುದು ಮೊದಲ ಕೆಲಸ. ಗಾಳಿ ಹೆಚ್ಚಾದರೆ ಉಕ್ಕು ಉರಿದು ಕಿಡಿ ಚೆಲ್ಲುತ್ತದೆ, ಕಡಿಮೆಯಾದರೆ ಕಾಯುವುದಿಲ್ಲ. ಕಲಿಯುವವರ ಕೈಗೆ ಸಾಮಾನ್ಯವಾಗಿ ಬರುವುದು ಜೀಪು, ಲಾರಿಗಳ ಹಳೆಯ ಸ್ಪ್ರಿಂಗ್ ಪ್ಲೇಟು. ಕಟ್ಟಡದ ಮಾಮೂಲಿ ಕಬ್ಬಿಣದಲ್ಲಿ ಇಂಗಾಲ ಕಡಿಮೆ, ಅದಕ್ಕೆ ಹದ ಹಿಡಿಯದು. ಸತುವಿನ ಲೇಪವಿರುವ ಕಬ್ಬಿಣವನ್ನಂತೂ ಬೆಂಕಿಗೆ ಒಡ್ಡಲೇಬಾರದು, ಅದರ ಹೊಗೆ ವಿಷ. ಮೈಮೇಲೆ ಹತ್ತಿ ಬಟ್ಟೆ, ಕಣ್ಣಿಗೆ ಕನ್ನಡಕ ಕಡ್ಡಾಯ.

ಕೆಂಪಗೆ ಕಾದ ಪ್ಲೇಟನ್ನು ಇಕ್ಕಳದಲ್ಲಿ ಹಿಡಿದು ಅಡೆಗಲ್ಲಿನ ಮೇಲಿಟ್ಟು ಬಡಿಯುವಾಗ ಮೊದಲ ಸೋಲು ಎದುರಾಗುತ್ತದೆ. ಬಾಯಿಯ ಕಡೆ ಬಡಿದಷ್ಟೂ ಆ ಅಂಚು ಉದ್ದವಾಗಿ, ಇಡೀ ಅಲಗು ಬೆನ್ನಿನ ಕಡೆಗೆ ಬಾಗುತ್ತದೆ. ಬಲ್ಲವರು ಇದನ್ನು ಮೊದಲೇ ಅಂದಾಜಿಸಿ ಪ್ಲೇಟನ್ನು ಎದುರು ದಿಕ್ಕಿಗೆ ಬಗ್ಗಿಸಿಕೊಂಡಿರುತ್ತಾರೆ. ಇನ್ನು ಕಮ್ಮಾರಸಾಲೆಯೊಳಗೆ ಮಬ್ಬು ಬೆಳಕಿದ್ದರೇ ಚೆನ್ನ, ಬಿಸಿಲಿನಲ್ಲಿ ಕಾದ ಉಕ್ಕಿನ ಬಣ್ಣ ತಿಳಿಯುವುದಿಲ್ಲ.

ಕೊನೆಗೆ ಹದ. ಸುಮಾರು 770 ಡಿಗ್ರಿ ಸೆಲ್ಸಿಯಸ್‌ಗೆ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಹೊಸಬರಿಗೆ ಅದೇ ಗುರುತು. ಅದಕ್ಕಿಂತ ತುಸು ಹೆಚ್ಚು ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಅಲಗು ಗಡುಸಾಗುತ್ತದೆ, ಅರ ಉಜ್ಜಿದರೆ ಜಾರುತ್ತದೆ. ಆದರೆ ಆಗ ಅದು ಗಾಜಿನಂತೆ, ಕೆಳಗೆ ಬಿದ್ದರೆ ಮುರಿದೀತು. ಮತ್ತೆ ಸುಮಾರು 200 ಡಿಗ್ರಿಗೆ ಮೆಲ್ಲಗೆ ಕಾಯಿಸಿದಾಗ ಹೊಳಪಿನ ಮೇಲೆ ಒಣಹುಲ್ಲಿನ ಬಣ್ಣ ಮೂಡುತ್ತದೆ. ಗಡಸುತನವೂ ಬಾಳಿಕೆಯೂ ಒಂದಕ್ಕೊಂದು ಹೊಂದುವುದು ಆಗ. ಅಡುಗೆಗೂ ಹೊಲಕ್ಕೂ ಮನುಷ್ಯನ ಮನಸ್ಸಿಗೂ ಕನ್ನಡ ಬಳಸುವ ‘ಹದ’ ಎಂಬ ಮಾತಿನ ಅರ್ಥ ಕುಲುಮೆಯ ಮುಂದೆ ಕಣ್ಣಿಗೆ ಕಾಣುತ್ತದೆ. ಅದನ್ನು ವಿಡಿಯೊ ನೋಡಿ ಹಿಡಿಯಲಾಗದು. ಪಕ್ಕದಲ್ಲಿ ನಿಂತ ಮೇಸ್ತ್ರಿ ‘ಈಗ’ ಎಂದಾಗಲೇ ಅದ್ದಬೇಕು.

ತೆರೆಯಬೇಕಾದ ಬಾಗಿಲು

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಇದೆ. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ ನೆರವು, ಕಡಿಮೆ ಬಡ್ಡಿಯ ಸಾಲ ಸಿಗುತ್ತದೆ. ಇದು ಬಹಳ ಒಳ್ಳೆಯ ಕೆಲಸ. ಆದರೆ ಯೋಜನೆ ಇರುವುದು ಈಗಾಗಲೇ ಕಸುಬಿನಲ್ಲಿರುವವರಿಗೆ. ಹೊರಗಿನಿಂದ ಬಂದು ಕಲಿಯಬಯಸುವ ಹುಡುಗ ಹುಡುಗಿಯರಿಗೆ ಬೇರೆ ಬಾಗಿಲು ಬೇಕು.

ಆ ಬಾಗಿಲು ಸಹಕಾರನಗರದ ಆಸುಪಾಸಿನಲ್ಲೇ ತೆರೆಯಬಹುದೆಂದು ನಾನು ನಂಬಿದ್ದೇನೆ. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ನಡೆಯುವ ಕೃಷಿ ಮೇಳಕ್ಕೆ ನಾಡಿನ ಮೂಲೆಮೂಲೆಯಿಂದ ರೈತರು ಬರುತ್ತಾರೆ. ಕುಡುಗೋಲು, ಮಚ್ಚು, ಕೊಡಲಿಯ ಬೆಲೆ ಅವರಿಗೆ ಗೊತ್ತು. ಅಲ್ಲಿ ಒಂದು ಕುಲುಮೆ ಹೊತ್ತಿಸಿ, ಹಳ್ಳಿಯ ಅನುಭವಿ ಕಮ್ಮಾರರನ್ನು ಗೌರವಧನ ಕೊಟ್ಟು ಗುರುಗಳಾಗಿ ಕೂರಿಸಿದರೆ ಸಾಕು. ಕಲಿಕೆ ಕುಡುಗೋಲು, ಅಡುಗೆ ಚಾಕುವಿನಿಂದಲೇ ಶುರುವಾಗಲಿ. ಆಯುಧ ನಿಯಮಗಳು ಒಂಬತ್ತು ಅಂಗುಲ ಮೀರಿದ ಅಲಗನ್ನು ಆಯುಧವೆಂದು ಎಣಿಸುವಾಗಲೂ ಮನೆಬಳಕೆಯ, ಬೇಸಾಯದ ಹತಾರಗಳನ್ನು ಹೊರಗಿಟ್ಟಿವೆ.

ಓದುಗರಿಗೆ ಒಂದು ಬಿನ್ನಹ. ಮನೆಯ ಚಾಕು ಮೊಂಡಾದರೆ ಎಸೆಯಬೇಡಿ, ಸಾಣೆ ಹಿಡಿಸಿ. ಊರಿಗೆ ಹೋದಾಗ ಕಮ್ಮಾರಸಾಲೆಗೆ ಮಕ್ಕಳನ್ನು ಕರೆದೊಯ್ಯಿರಿ, ಒಂದು ಕುಡುಗೋಲು ಮಾಡಿಸಿ, ಕೇಳಿದ ಬೆಲೆ ಕೊಡಿ. ಹದ ಬಲ್ಲ ಕೈಗಳು ಇರುವಾಗಲೇ ನಾವು ಕಲಿಯಬೇಕು.